ಬಾರ್ಜ್ ಹತ್ತುವ ವ್ಯಾಗನ್: ಖರ್ಚು ಯಾರ ತಲೆ ಮೇಲೆ?

ಅಮೆರಿಕದ ಜರ್ಸಿ ಸಿಟಿಯಲ್ಲಿ, ಬಂದರಿನ ದಡಕ್ಕೆ ಅಂಟಿಕೊಂಡು ಗ್ರೀನ್‌ವಿಲ್ ಅಂತ ಒಂದು ರೈಲ್ವೆ ಯಾರ್ಡ್ ಇದೆ. ನೀರಿನ ಆಚೆ ದಡದಲ್ಲಿ ಬ್ರೂಕ್ಲಿನ್‌ನ 65ನೇ ಸ್ಟ್ರೀಟ್ ಯಾರ್ಡ್. ನಡುವೆ ಸುಮಾರು ನಾಲ್ಕೂವರೆ ಕಿಲೋಮೀಟರ್ ನೀರು. ಈ ಎರಡು ಯಾರ್ಡ್‌ಗಳನ್ನು ಜೋಡಿಸುವ ರೈಲ್ವೆ ಕಂಪನಿಯ ಹೆಸರು ನ್ಯೂಯಾರ್ಕ್ ನ್ಯೂಜರ್ಸಿ ರೈಲ್. ಹೆಸರು ಎರಡು ರಾಜ್ಯದಷ್ಟು ದೊಡ್ಡದು, ಕಂಪನಿ ಮಾತ್ರ ಅಂಗೈ ಅಗಲ. ಬೆರಳೆಣಿಕೆಯ ಇಂಜಿನ್, ಬೆರಳೆಣಿಕೆಯ ಬಾರ್ಜ್ (ಇಂಜಿನ್ ಇಲ್ಲದ ಚಪ್ಪಟೆ ದೋಣಿ), ಎರಡೂ ದಡದಲ್ಲಿ ಒಂದಿಷ್ಟು ಹಳಿ. ಇದರ ಮೇನ್ ಲೈನ್ ಅಂದ್ರೆ ನೀರು!

ಗೂಡ್ಸ್ ವ್ಯಾಗನ್‌ಗಳನ್ನು ಸರಕು ಇಳಿಸದೆ ಹಾಗೇ ಹಳಿ ಹಾಕಿದ ಬಾರ್ಜ್ ಮೇಲೆ ತಳ್ಳುತ್ತಾರೆ. ಟಗ್ ಬೋಟ್ ಕಟ್ಟಿ ಆಚೆ ದಡಕ್ಕೆ ಒಯ್ಯುತ್ತಾರೆ. ಮುಕ್ಕಾಲು ಗಂಟೆಯ ಪ್ರಯಾಣ. ನಮ್ಮ ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯವರು ಲಾರಿಗಳನ್ನು ಗೂಡ್ಸ್ ಗಾಡಿ ಮೇಲೆ ಹತ್ತಿಸುವುದನ್ನು ನೀವು ನೋಡಿರಬಹುದು. ಇಲ್ಲಿ ಗೂಡ್ಸ್ ಗಾಡಿಯೇ ದೋಣಿ ಹತ್ತುತ್ತದೆ.

ಒಂದು ಕಾಲದಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಹಳಿ ಹಾಕಿದ ಇಂಥ ಬಾರ್ಜ್‌ಗಳು 323 ಇದ್ದವು. ಬೇರೆ ಥರದ ಬಾರ್ಜ್ 1,094. ಇವನ್ನೆಲ್ಲ ಎಳೆಯಲು 150 ಟಗ್. ಕೆಲಸ ಮಾಡಲು 3,400 ಜನ. ಎಲ್ಲವೂ ರೈಲ್ವೆ ಕಂಪನಿಗಳದ್ದೇ. ಈಗ ಉಳಿದಿರುವುದು ಈ ಪುಟ್ಟ ಕಂಪನಿಯೊಂದೇ.

ಹಳೇ ಕಾಲದ ಪಳೆಯುಳಿಕೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನ್ಯೂಯಾರ್ಕ್‌ನಲ್ಲಿ ಈಗ ಲಾರಿಗಳದ್ದೇ ದೊಡ್ಡ ತಲೆನೋವು. ನಗರದ ಸರಕಿನಲ್ಲಿ ಹತ್ತಿರ ಹತ್ತಿರ ಶೇ. 90 ಭಾಗ ಲಾರಿಯಲ್ಲೇ ಓಡಾಡುತ್ತದೆ. ಹೆದ್ದಾರಿಗಳು ಸವೆಯುತ್ತಿವೆ. ಇದೇ ಹೊತ್ತಿಗೆ ಬ್ರೂಕ್ಲಿನ್ ಕಡೆಯ ಗೂಡ್ಸ್ ಹಳಿಯ ಪಕ್ಕದಲ್ಲೇ ಹೊಸ ಪ್ಯಾಸೆಂಜರ್ ಲೈನ್ ಹಾಕಲು ಹೊರಟಿದ್ದಾರೆ. ಹಾಗಾಗಿ ಈ ಪುಟ್ಟ ರೈಲ್ವೆ ಬೇಕಾ ಬೇಡವಾ, ಬೇಕಾದರೆ ಅದರ ಖರ್ಚು ಯಾರು ಹೊರಬೇಕು ಅನ್ನುವ ಪ್ರಶ್ನೆ ಮತ್ತೆ ಎದ್ದಿದೆ. ಮತ್ತೆ ಅಂದದ್ದು ಸುಮ್ನೆ ಅಲ್ಲ. ಈ ಪ್ರಶ್ನೆಗೆ ನೂರು ವರ್ಷ ದಾಟಿದೆ.

ಬಾರ್ಜ್ ತುಂಬುವುದು ಹೇಗೆ

ದಡಕ್ಕೂ ಬಾರ್ಜ್‌ಗೂ ನಡುವೆ ಒಂದು ಸೇತುವೆ ಇರುತ್ತದೆ. ಅದರ ಒಂದು ತುದಿ ದಡಕ್ಕೆ ಗಟ್ಟಿ, ಇನ್ನೊಂದು ತುದಿ ಮೇಲೆ ಕೆಳಗೆ ಆಡುತ್ತದೆ. ಆಡಲೇಬೇಕು. ಭರತ ಬಂದರೆ ಬಾರ್ಜ್ ಏರುತ್ತದೆ, ಇಳಿತ ಬಂದರೆ ತಗ್ಗುತ್ತದೆ. ವ್ಯಾಗನ್ ಮೇಲೆ ಬಂದಂತೆಲ್ಲ ಭಾರಕ್ಕೆ ಇನ್ನಷ್ಟು ತಗ್ಗುತ್ತದೆ. ಸೇತುವೆಯ ಹಳಿಯನ್ನೂ ಬಾರ್ಜ್ ಮೇಲಿನ ಹಳಿಯನ್ನೂ ಒಂದೇ ಗೆರೆಗೆ ತಂದು ಗಟ್ಟಿಯಾಗಿ ಬಂಧಿಸಬೇಕು. ಸ್ವಲ್ಪ ಆಚೀಚೆ ಆದರೂ ಚಕ್ರ ಹಳಿ ಬಿಟ್ಟು ಕೂರುತ್ತದೆ.

ಇಂಜಿನ್ ಬಾರ್ಜ್ ಹತ್ತುವುದಿಲ್ಲ. ಅದರ ಭಾರ ಆಡುವ ಸೇತುವೆಗೆ ಜಾಸ್ತಿ ಆಗುತ್ತದೆ. ಅದಕ್ಕೆ ಇಂಜಿನ್‌ಗೂ ಸರಕಿನ ವ್ಯಾಗನ್‌ಗೂ ನಡುವೆ ಒಂದೆರಡು ಖಾಲಿ ಚಪ್ಪಟೆ ವ್ಯಾಗನ್ ಸೇರಿಸುತ್ತಾರೆ. ಬಾವಿಗೆ ಇಳಿಯದೆ ಉದ್ದನೆ ಗಳದಿಂದ ಕೊಡ ಎತ್ತಿದ ಹಾಗೆ, ಇಂಜಿನ್ ದಡದಲ್ಲೇ ನಿಂತು ಈ ಖಾಲಿ ವ್ಯಾಗನ್‌ಗಳನ್ನು ಮುಂದೆ ಮಾಡಿ ತಳ್ಳುತ್ತದೆ.

ಇದರಲ್ಲಿ ಕಷ್ಟದ ಕೆಲಸ ತೂಕದ್ದು. ಬಾರ್ಜ್ ಮೇಲೆ ಉದ್ದಕ್ಕೆ ಸಾಲು ಸಾಲಾಗಿ ಹಳಿಗಳಿವೆ. ಎಡಗಡೆ ಸಾಲನ್ನು ಪೂರ್ತಿ ತುಂಬಿ ಆಮೇಲೆ ಬಲಗಡೆ ತುಂಬೋಣ ಅಂದರೆ ಬಾರ್ಜ್ ಒಂದು ಮಗ್ಗುಲಿಗೆ ವಾಲಿ ಎಲ್ಲವೂ ನೀರುಪಾಲು. ಹಾಗಾಗಿ ಈ ಕಡೆ ಒಂದಷ್ಟು, ಆ ಕಡೆ ಒಂದಷ್ಟು. ಯಾವ ವ್ಯಾಗನ್ ತುಂಬಿದೆ, ಯಾವುದು ಖಾಲಿ, ಯಾವುದು ಆಚೆ ದಡದಲ್ಲಿ ಮೊದಲು ಇಳಿಯಬೇಕು, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಇಳಿಸುವಾಗಲೂ ಇದೇ ಲೆಕ್ಕ, ಹಿಂದುಮುಂದಾಗಿ. ಕೈ ಬ್ರೇಕ್ ಬಿಗಿದು, ಚಕ್ರಕ್ಕೆ ಅಡ್ಡ ಕೊಟ್ಟು, ಆಮೇಲೆ ಟಗ್‌ಗೆ ಸಿಗ್ನಲ್. ಹಳೇ ಬಾರ್ಜ್ ಮೇಲೆ 14 ವ್ಯಾಗನ್ ಹಿಡಿಸುತ್ತಿತ್ತು. ಹೊಸದರಲ್ಲಿ 18.

18 ವ್ಯಾಗನ್ ಅಂದರೆ ಏನು ಮಹಾ ಅನ್ನಿಸಬಹುದು. ಒಂದು ವ್ಯಾಗನ್ ಸರಕು ಮೂರರಿಂದ ನಾಲ್ಕು ದೊಡ್ಡ ಲಾರಿಗೆ ಸಮ. ಅಲ್ಲಿಗೆ ಒಂದು ಸಲ ಬಾರ್ಜ್ ದಾಟಿದರೆ ಐವತ್ತು ಅರವತ್ತು ಲಾರಿ ಊರಿನ ರಸ್ತೆ ಸೇತುವೆಗಳ ಮೇಲೆ ಬರುವುದು ತಪ್ಪಿತು.

ಸುತ್ತು ದಾರಿ

ಬ್ರೂಕ್ಲಿನ್, ಕ್ವೀನ್ಸ್ ಇರುವುದು ಲಾಂಗ್ ಐಲೆಂಡ್ ಅನ್ನುವ ದ್ವೀಪದಲ್ಲಿ. ಇಡೀ ದ್ವೀಪದಲ್ಲಿ ಸುಮಾರು 80 ಲಕ್ಷ ಜನ. ಅಮೆರಿಕದ ಮುಖ್ಯ ರೈಲು ಜಾಲ ಬಂದು ನಿಲ್ಲುವುದು ಹಡ್ಸನ್ ನದಿಯ ಪಶ್ಚಿಮಕ್ಕೆ, ನ್ಯೂಜರ್ಸಿ ದಡದಲ್ಲಿ. ನದಿಯ ಕೆಳಗೆ ರೈಲು ಸುರಂಗಗಳಿವೆ ನಿಜ. 1910ರಲ್ಲೇ ಪೆನ್ ಸ್ಟೇಷನ್‌ಗೆ ಹೋಗುವ ಸುರಂಗ ತೆರೆದಿತ್ತು. ಆದರೆ ಅದು ಪ್ಯಾಸೆಂಜರ್ ಗಾಡಿಗೆ. ಎತ್ತರದ ಗೂಡ್ಸ್ ವ್ಯಾಗನ್ ಅದರಲ್ಲಿ ಹಿಡಿಯುವುದಿಲ್ಲ.

ಹಾಗಾದರೆ ಜರ್ಸಿಯಲ್ಲಿ ನಿಂತ ವ್ಯಾಗನ್ ಹಳಿ ಮೇಲೇ ಬ್ರೂಕ್ಲಿನ್‌ಗೆ ಹೋಗಬೇಕೆಂದರೆ? ನದಿಯ ಪಕ್ಕದಲ್ಲೇ ಸುಮಾರು 225 ಕಿಲೋಮೀಟರ್ ಉತ್ತರಕ್ಕೆ, ಆಲ್ಬನಿ ಹತ್ತಿರದ ಸೆಲ್ಕರ್ಕ್ ತನಕ ಹೋಗಬೇಕು. ಅಲ್ಲಿ ಸೇತುವೆ ದಾಟಬೇಕು. ಮತ್ತೆ ಅಷ್ಟೇ ದೂರ ದಕ್ಷಿಣಕ್ಕೆ ಇಳಿಯಬೇಕು. ಕಣ್ಣಿಗೆ ಕಾಣುವ ಎದುರು ದಡಕ್ಕೆ 450 ಕಿಲೋಮೀಟರ್! ರೈಲ್ವೆಯವರು ಇದಕ್ಕೆ ಸೆಲ್ಕರ್ಕ್ ಹರ್ಡಲ್ ಅನ್ನುತ್ತಾರೆ.

ಮೊದಲು ಇಷ್ಟು ದೂರ ಇರಲಿಲ್ಲ. ಪಕೀಪ್ಸಿ ಅನ್ನುವ ಊರಿನಲ್ಲಿ 1889ರಿಂದ ಒಂದು ರೈಲು ಸೇತುವೆ ಇತ್ತು. 1974ರ ಮೇ 8ರಂದು ಅದಕ್ಕೆ ಬೆಂಕಿ ಬಿತ್ತು. ಅದರ ಒಡೆಯ ಪೆನ್ ಸೆಂಟ್ರಲ್ ಕಂಪನಿ 1970ರಲ್ಲೇ ದಿವಾಳಿ ಎದ್ದಿತ್ತು. ರಿಪೇರಿ ಯಾರು ಮಾಡಿಸಬೇಕು? ಯಾರೂ ಮಾಡಿಸಲಿಲ್ಲ. 2009ರಿಂದ ಜನ ಅದರ ಮೇಲೆ ವಾಕಿಂಗ್ ಹೋಗುತ್ತಿದ್ದಾರೆ.

ಹುಲ್ಲು ತುಂಬಿದ ನೂರು ವ್ಯಾಗನ್

ದೊಡ್ಡ ರೈಲ್ವೆಯೊಂದು ಸಾವಿರಾರು ಕಿಲೋಮೀಟರ್ ಓಡಿಸಿ ಊರ ಬಾಗಿಲಿಗೆ ತಂದು ಬಿಟ್ಟ ವ್ಯಾಗನ್‌ಗಳನ್ನು ಬಿಡಿಸಿ, ವಿಂಗಡಿಸಿ, ಯಾವ ಗೋದಾಮಿಗೆ ಯಾವುದು ಅಂತ ನೋಡಿ ತಲುಪಿಸುವ ಪುಟ್ಟ ಕಂಪನಿಗಳು ಅಮೆರಿಕದ ಊರೂರಲ್ಲಿದ್ದವು. ಶಂಟಿಂಗ್ ರೈಲ್ವೆ ಅಂತಲೇ ಕರೆಯೋಣ. ನಮ್ಮಲ್ಲಿ ಶಂಟಿಂಗ್ ಅಂದರೆ ಸ್ಟೇಷನ್ ಒಳಗಿನ ಒಂದು ಕೆಲಸ. ಅಲ್ಲಿ ಅದೇ ಒಂದು ಕಂಪನಿ, ಅದೇ ಒಂದು ವ್ಯಾಪಾರ.

ಬ್ರೂಕ್ಲಿನ್ ದಡದಲ್ಲಿ ಇಂಥವು ನಾಲ್ಕು ಹೆಸರು ಮಾಡಿದ್ದವು. ಬ್ರೂಕ್ಲಿನ್ ಈಸ್ಟರ್ನ್ ಡಿಸ್ಟ್ರಿಕ್ಟ್ ಟರ್ಮಿನಲ್, ಜೇ ಸ್ಟ್ರೀಟ್ ಕನೆಕ್ಟಿಂಗ್, ನ್ಯೂಯಾರ್ಕ್ ಡಾಕ್, ಬುಷ್ ಟರ್ಮಿನಲ್. ಮೊದಲನೆಯದು ಸಕ್ಕರೆ ಕಾರ್ಖಾನೆಗಳ ಬೆನ್ನಿಗೆ ಬೆಳೆದದ್ದು. ಎರಡನೆಯದು ಆರ್ಬಕಲ್ ಕಂಪನಿಯ ಕಾಫಿ, ಸಕ್ಕರೆ ನಂಬಿಕೊಂಡದ್ದು. ಈಗ ಡಂಬೋ ಅಂತ ಕರೆಯುವ ಆ ಜಾಗದಲ್ಲಿ, ಕಲ್ಲು ಹಾಸಿದ ಬೀದಿಗಳಲ್ಲಿ ಹಳಿ ಇವತ್ತಿಗೂ ಕಾಣುತ್ತದೆ. ಸೇತುವೆ ಹಿಂದೆ ಬರುವ ಹಾಗೆ ಫೋಟೋ ತೆಗೆಸಿಕೊಳ್ಳುವ ಟೂರಿಸ್ಟ್‌ಗಳ ಕಾಲ ಕೆಳಗೇ ಇದೆ.

ನಾಲ್ಕರಲ್ಲಿ ಬುಷ್ ಟರ್ಮಿನಲ್ ಕಥೆ ನನಗೆ ತುಂಬ ಇಷ್ಟ. ಇರ್ವಿಂಗ್ ಬುಷ್ ಅನ್ನುವವನು 1890ರ ದಶಕದಲ್ಲಿ ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕ್ ದಡದಲ್ಲಿ ಗೋದಾಮು, ಹಡಗುಕಟ್ಟೆ, ಹಳಿ ಎಲ್ಲ ಒಂದೇ ಕಡೆ ಇರುವ ಜಾಗ ಕಟ್ಟಲು ಹೊರಟ. ಊರೆಲ್ಲ ನಕ್ಕಿತು. ಬುಷ್‌ನ ಹುಚ್ಚು ಅಂತಲೇ ಹೆಸರು ಬಿತ್ತು. ದೊಡ್ಡ ರೈಲ್ವೆಗಳು ನಿಮ್ಮ ಯಾರ್ಡ್‌ಗೆ ವ್ಯಾಗನ್ ಕಳಿಸುವುದಿಲ್ಲ ಅಂದವು. ಬುಷ್ ಏನು ಮಾಡಿದ ಗೊತ್ತಾ? ಮಿಷಿಗನ್‌ಗೆ ಒಬ್ಬ ಏಜೆಂಟನ್ನು ಕಳಿಸಿ ನೂರು ವ್ಯಾಗನ್ ಒಣಹುಲ್ಲು ಕೊಂಡ. ಈಗ ಅವನು ಬೇಡಿಕೆ ಇಡುವ ಯಾರ್ಡ್ ಯಜಮಾನ ಅಲ್ಲ, ನೂರು ವ್ಯಾಗನ್ ಸರಕು ಇಟ್ಟುಕೊಂಡ ಗಿರಾಕಿ. ಹುಲ್ಲನ್ನು ಅದೇ ವ್ಯಾಗನ್‌ಗಳಲ್ಲಿ ಬ್ರೂಕ್ಲಿನ್‌ನ ನನ್ನ ಯಾರ್ಡ್‌ಗೆ ತಲುಪಿಸುವವರಿಗೆ ಬಾಡಿಗೆ ಅಂದ. ಒಂದಾದ ಮೇಲೊಂದು ಕಂಪನಿ ಆಗಲ್ಲ ಅಂದವು. ಕೊನೆಗೆ ಬಾಲ್ಟಿಮೋರ್ ಅಂಡ್ ಒಹಾಯೊ ಒಪ್ಪಿತು. ಒಬ್ಬರು ಒಪ್ಪಿದ ಮೇಲೆ ಉಳಿದವರು ಸುಮ್ಮನಿರಲು ಆಗುತ್ತದಾ? ಹಡಗಿನವರ ವಿಷಯದಲ್ಲೂ ಇದೇ ಉಪಾಯ. ತಾನೇ ಹಡಗು ಬಾಡಿಗೆ ಹಿಡಿದು ಬಾಳೆಹಣ್ಣಿನ ವ್ಯಾಪಾರಕ್ಕೆ ಇಳಿದ. 1902ರಲ್ಲಿ ಬುಷ್ ಟರ್ಮಿನಲ್ ಕಂಪನಿ ಶುರುವಾಯಿತು. ಆ ಕಟ್ಟಡಗಳಲ್ಲಿ ಬಹಳಷ್ಟು ಈಗ ಇಂಡಸ್ಟ್ರಿ ಸಿಟಿ ಅನ್ನುವ ಹೆಸರಿನಲ್ಲಿ ಆಫೀಸು, ಅಂಗಡಿ, ಹೋಟೆಲ್ ಆಗಿವೆ.

ಒಂದೇ ದರದ ಗುಟ್ಟು

ನೀರು ದಾಟಿಸುವುದು ಯಾವತ್ತೂ ಅಗ್ಗದ ಕೆಲಸ ಆಗಿರಲಿಲ್ಲ. ಟಗ್ ಬೇಕು, ಅದಕ್ಕೆ ಜನ ಬೇಕು, ಸೇತುವೆ ಬೇಕು. ಮಂಜು ಬಿದ್ದರೆ ಕಾಯಬೇಕು. ಆದರೂ 300ಕ್ಕೂ ಹೆಚ್ಚು ಬಾರ್ಜ್ ಹೇಗೆ ಓಡಿದವು?

ಗುಟ್ಟು ಇರುವುದು ದರದಲ್ಲಿ. ಜರ್ಸಿ ದಡದಲ್ಲಿ ಸರಕು ಇಳಿಸಿಕೊಂಡರೂ ಒಂದೇ ಬಾಡಿಗೆ, ನೀರು ದಾಟಿಸಿ ಬ್ರೂಕ್ಲಿನ್‌ಗೋ ಮ್ಯಾನ್‌ಹಟನ್‌ಗೋ ತಲುಪಿಸಿದರೂ ಅದೇ ಬಾಡಿಗೆ. ಗಿರಾಕಿಗೆ ನೀರಿನ ಖರ್ಚು ಕಾಣುತ್ತಲೇ ಇರಲಿಲ್ಲ. ರೈಲ್ವೆಗಳು ಅದನ್ನು ತಮ್ಮ ಒಟ್ಟು ಆದಾಯದಲ್ಲಿ ನುಂಗಿಕೊಳ್ಳುತ್ತಿದ್ದವು. ಒಬ್ಬರಿಗೊಬ್ಬರು ಪೈಪೋಟಿ, ನ್ಯೂಯಾರ್ಕ್‌ನ ಗಿರಾಕಿ ಕೈಬಿಟ್ಟು ಹೋಗಬಾರದು ಅಂತ. ಬುಷ್, ನ್ಯೂಯಾರ್ಕ್ ಡಾಕ್‌ನಂಥ ಪುಟ್ಟ ಕಂಪನಿಗಳಿಗೆ ಅವರೇ ದುಡ್ಡು ಕೊಡುತ್ತಿದ್ದರು.

ನ್ಯೂಜರ್ಸಿಯವರಿಗೆ ಇದು ಸರಿ ಕಾಣಲಿಲ್ಲ. ನಮ್ಮ ದಡಕ್ಕೇ ಹಳಿ ಬರುತ್ತದೆ, ನಮಗೆ ಖರ್ಚು ಕಮ್ಮಿ, ದರವೂ ಕಮ್ಮಿ ಇರಬೇಕಲ್ವಾ ಅಂತ ಕೇಳಿದರು. ಕೇಸು ಕೇಂದ್ರದ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ ಮುಂದೆ ಹೋಯಿತು. 1917ರಲ್ಲಿ ತೀರ್ಪು ಜರ್ಸಿ ವಿರುದ್ಧ ಬಂತು. ಇಡೀ ಬಂದರು ಒಂದೇ, ಜಗಳ ಬಿಟ್ಟು ಒಟ್ಟಿಗೆ ಏನಾದರೂ ಮಾಡಿ ಅನ್ನುವುದು ತೀರ್ಪಿನ ದನಿ. ಆ ಚಳಿಗಾಲದಲ್ಲೇ ಮೊದಲ ಮಹಾಯುದ್ಧದ ಸರಕು ಬಂದರಿನಲ್ಲಿ ಕಟ್ಟಿಕೊಂಡಿತು. ವ್ಯಾಗನ್‌ಗಳು ಮೈಲುಗಟ್ಟಲೆ ಸಾಲು ನಿಂತವು. ಎದುರು ದಡದಲ್ಲಿ ಕಲ್ಲಿದ್ದಲಿದ್ದರೂ ಊರಲ್ಲಿ ಒಲೆ ಉರಿಯಲಿಲ್ಲ.

ಎರಡೂ ರಾಜ್ಯ ಸೇರಿ 1921ರಲ್ಲಿ ಪೋರ್ಟ್ ಅಥಾರಿಟಿ ಅನ್ನುವ ಜಂಟಿ ಬಂದರು ಸಂಸ್ಥೆ ಕಟ್ಟಿದ್ದು ಇದಾದ ಮೇಲೆ. ಅದರ ಮೊದಲ ಯೋಜನೆಯಲ್ಲೇ ಬಂದರಿನ ಕೆಳಗೆ ಒಂದು ಗೂಡ್ಸ್ ಸುರಂಗ ಇತ್ತು. ಗ್ರೀನ್‌ವಿಲ್ ಕಡೆಯಿಂದ ಬ್ರೂಕ್ಲಿನ್‌ಗೆ. ನೂರು ವರ್ಷ ಆಯಿತು, ಸುರಂಗ ಬಂದಿಲ್ಲ. ಪೋರ್ಟ್ ಅಥಾರಿಟಿ ಜಾರ್ಜ್ ವಾಷಿಂಗ್ಟನ್ ಬ್ರಿಜ್ ಕಟ್ಟಿತು, ಲಿಂಕನ್ ಸುರಂಗ ಕೊರೆಯಿತು, ಏರ್‌ಪೋರ್ಟ್‌ಗಳನ್ನು ವಹಿಸಿಕೊಂಡಿತು, ವರ್ಲ್ಡ್ ಟ್ರೇಡ್ ಸೆಂಟರ್ ಎಬ್ಬಿಸಿತು. ಕಾರು, ಲಾರಿಯಿಂದ ಟೋಲ್ ಬರುತ್ತದೆ. ಗೂಡ್ಸ್ ವ್ಯಾಗನ್‌ನಿಂದ ಟೋಲ್ ವಸೂಲಿ ಮಾಡಬೇಕಾದರೆ ರೈಲ್ವೆಗಳು ಒಪ್ಪಬೇಕು. ಅವರಿಗೆ ತಮ್ಮ ತಮ್ಮ ಯಾರ್ಡು, ತಮ್ಮ ತಮ್ಮ ಬಾರ್ಜೇ ಮುದ್ದು. ಹುಟ್ಟಿದ ಕಾರಣವನ್ನೇ ಮರೆತ ಸಂಸ್ಥೆಗಳು ನಮ್ಮಲ್ಲೂ ಬೇಕಾದಷ್ಟಿವೆ ಬಿಡಿ.

ಆಮೇಲಿನದು ಎಲ್ಲ ಕಡೆ ನಡೆದ ಕಥೆ. 1927ರಲ್ಲಿ ಹಾಲೆಂಡ್ ಸುರಂಗ ತೆರೆದು ಲಾರಿಗಳು ನದಿಯ ಕೆಳಗೇ ದಾಟತೊಡಗಿದವು. 1956ರಲ್ಲಿ ನೂವಾರ್ಕ್ ಬಂದರಿನಿಂದ ಮೊದಲ ಕಂಟೇನರ್ ಹಡಗು ಹೊರಟಿತು. ಕಂಟೇನರ್‌ಗೆ ವಿಶಾಲ ಬಯಲು ಬೇಕು, ಅದು ಇದ್ದದ್ದು ಜರ್ಸಿಯಲ್ಲಿ. ಹಡಗುಗಳು ಆಚೆ ಹೋದವು, ಬ್ರೂಕ್ಲಿನ್‌ನ ಕಾರ್ಖಾನೆಗಳು ಮುಚ್ಚಿದವು, ವ್ಯಾಗನ್‌ಗೆ ಕೆಲಸ ಇಲ್ಲವಾಯಿತು. ರೈಲ್ವೆಗಳೇ ಮುಳುಗುತ್ತಿದ್ದಾಗ ನೀರಿನ ಖರ್ಚು ನುಂಗಿಕೊಳ್ಳುವವರು ಯಾರು? ಜೇ ಸ್ಟ್ರೀಟ್ ಲೈನ್ 1959ರಲ್ಲಿ ಮುಚ್ಚಿತು. ಬುಷ್ ಟರ್ಮಿನಲ್ ರೈಲ್ವೆ 1971ರಲ್ಲಿ ನಿಂತು, ಅದರ ಕೆಲಸ ನ್ಯೂಯಾರ್ಕ್ ಡಾಕ್ ಕೈಗೆ ಬಂತು. ಈಸ್ಟರ್ನ್ ಡಿಸ್ಟ್ರಿಕ್ಟ್‌ನವರು 1963ರ ತನಕ ಉಗಿ ಇಂಜಿನ್ ಓಡಿಸಿದ ಹಟಮಾರಿಗಳು. ಅವರ 15ನೇ ನಂಬರ್ ಇಂಜಿನ್ ಈಗ ಪೆನ್ಸಿಲ್ವೇನಿಯಾದಲ್ಲಿದೆ. ಮೈಗೆ ನೀಲಿ ಬಣ್ಣ ಬಳಿದು, ಮುಂದೆ ನಗುಮುಖ ಅಂಟಿಸಿದ್ದಾರೆ. ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕಿಸುತ್ತದೆ. ಸಕ್ಕರೆ ಎಳೆದ ಇಂಜಿನ್‌ಗೆ ಇದೇನೂ ಕೆಟ್ಟ ನಿವೃತ್ತಿ ಅಲ್ಲ.

1983ರಲ್ಲಿ ಅಳಿದುಳಿದದ್ದನ್ನೆಲ್ಲ ಗುಡ್ಡೆ ಹಾಕಿ ನ್ಯೂಯಾರ್ಕ್ ಕ್ರಾಸ್ ಹಾರ್ಬರ್ ರೈಲ್‌ರೋಡ್ ಅಂತ ಒಂದು ಕಂಪನಿ ಆಯಿತು. ಹಳೇ ಇಂಜಿನ್, ಹಳೇ ಬಾರ್ಜ್, ಹಳೇ ಸೇತುವೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೇಗೋ ಉಸಿರು ಹಿಡಿದುಕೊಂಡಿತ್ತು. ಬ್ರೂಕ್ಲಿನ್ ಕಡೆ ಸರ್ಕಾರದ ದುಡ್ಡಿನಲ್ಲಿ 65ನೇ ಸ್ಟ್ರೀಟ್‌ನಲ್ಲಿ ಹೊಸ ಸೇತುವೆಗಳು 1999ರಲ್ಲೇ ತಯಾರಾದವು. ಮೊದಲ ಬಾರ್ಜ್ ಅಲ್ಲಿಗೆ ಬಂದು ತಗುಲಿದ್ದು 2012ರಲ್ಲಿ. ಹದಿಮೂರು ವರ್ಷ ಹೊಸ ಸೇತುವೆ ತುಕ್ಕು ಹಿಡಿಯುತ್ತ ನಿಂತಿತ್ತು, ಹಳೇ ಬಾರ್ಜ್ ಹಳೇ ಕಡೆಯೇ ಓಡಾಡುತ್ತಿತ್ತು.

2006ರಲ್ಲಿ ಕಂಪನಿ ಕೈ ಬದಲಾಯಿಸಿ ಈಗಿನ ಹೆಸರು ಪಡೆಯಿತು. 2008ರ ನವೆಂಬರ್‌ನಲ್ಲಿ ಪೋರ್ಟ್ ಅಥಾರಿಟಿ ಇದನ್ನು ಸುಮಾರು 1.6 ಕೋಟಿ ಡಾಲರ್ ಕೊಟ್ಟು ಕೊಂಡಿತು. ಹುಟ್ಟಿ 87 ವರ್ಷದ ಮೇಲೆ ಪೋರ್ಟ್ ಅಥಾರಿಟಿ ತಾನು ಹುಟ್ಟಿದ ಕೆಲಸಕ್ಕೆ ಮರಳಿತು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂತು. ಗ್ರೀನ್‌ವಿಲ್‌ನ ಹಳೇ ಸೇತುವೆಗಳು ಜಖಂ ಆಗಿ ಅವನ್ನು ಕೆಡವಬೇಕಾಯಿತು. ಖಾಸಗಿ ಕಂಪನಿ ಆಗಿದ್ದರೆ ಅವತ್ತೇ ಶಟರ್ ಎಳೆಯುತ್ತಿತ್ತು. ಸರ್ಕಾರಿ ದುಡ್ಡು ಇದ್ದದ್ದಕ್ಕೆ ಹೊಸ ಸೇತುವೆ, ಹೊಸ ಬಾರ್ಜ್ ಬಂದವು.

ಮೊದಲು ರೈಲ್ವೆಗಳು ಹೊರುತ್ತಿದ್ದ ಖರ್ಚನ್ನು ಈಗ ಟೋಲ್ ಕಟ್ಟುವವರು, ತೆರಿಗೆ ಕಟ್ಟುವವರು ಹೊರುತ್ತಿದ್ದಾರೆ. ಸರಕು ಕಳಿಸುವವನು ಪೂರ್ತಿ ಖರ್ಚು ಕೊಟ್ಟು ಈ ನೀರನ್ನು ದಾಟಿದ್ದು ಅವತ್ತೂ ಇಲ್ಲ, ಇವತ್ತೂ ಇಲ್ಲ. ಇದನ್ನು ಕೇಳಿ ಇದೊಂದು ದಂಡದ ವ್ಯವಹಾರ ಅಂದುಕೊಳ್ಳುವ ಮೊದಲು ಲಾರಿಯ ಲೆಕ್ಕವನ್ನೂ ನೋಡಬೇಕು.

ಲಾರಿ ಖರ್ಚು ಕಾಣುವುದಿಲ್ಲ, ಅಷ್ಟೇ

ಬ್ರೂಕ್ಲಿನ್ ದಡದ ಮೇಲೇ ಬ್ರೂಕ್ಲಿನ್–ಕ್ವೀನ್ಸ್ ಹೆದ್ದಾರಿ ಹೋಗುತ್ತದೆ. ಬ್ರೂಕ್ಲಿನ್ ಹೈಟ್ಸ್ ಹತ್ತಿರ ಅದು ಅಟ್ಟದ ಮೇಲೆ ಅಟ್ಟ ಇಟ್ಟ ಹಾಗೆ ಗುಡ್ಡದ ಮಗ್ಗುಲಿಗೆ ಚಾಚಿಕೊಂಡಿದೆ. ಕಟ್ಟಿ ಎಪ್ಪತ್ತು ವರ್ಷ ದಾಟಿತು. ಕಾಂಕ್ರೀಟ್ ಉದುರುತ್ತಿದೆ. 2021ರಲ್ಲಿ ಭಾರ ಕಮ್ಮಿ ಮಾಡಲು ಮೂರು ಲೇನ್ ಇದ್ದದ್ದನ್ನು ಎರಡಕ್ಕೆ ಇಳಿಸಿದರು. 2023ರ ನವೆಂಬರ್‌ನಿಂದ ರಸ್ತೆಯಲ್ಲೇ ತೂಕದ ಸೆನ್ಸರ್ ಹಾಕಿ, ಮಿತಿ ಮೀರಿದ ಲಾರಿಗೆ 650 ಡಾಲರ್ ದಂಡ ಕಳಿಸುತ್ತಿದ್ದಾರೆ. 2025ರ ಜನವರಿ 5ರಿಂದ ಮ್ಯಾನ್‌ಹಟನ್‌ನ 60ನೇ ಸ್ಟ್ರೀಟ್‌ನಿಂದ ಕೆಳಗೆ ಬರುವ ವಾಹನಕ್ಕೆಲ್ಲ ಶುಲ್ಕ. ಕಾರಿಗೆ 9 ಡಾಲರ್, ದೊಡ್ಡ ಲಾರಿಗೆ 21.60.

ಇಷ್ಟೆಲ್ಲ ಆದರೂ ಲಾರಿಯೇ ಅಗ್ಗ. ಯಾಕೆ? ರಸ್ತೆ ಸವೆದದ್ದಕ್ಕೆ, ಹೊಗೆಗೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಪಕ್ಕದ ಕಾರಿನವನ ಒಂದು ಗಂಟೆಗೆ ಯಾರೂ ಬಿಲ್ ಹಾಕುವುದಿಲ್ಲ. ಬಾರ್ಜ್‌ಗೆ ಮಾತ್ರ ಟಗ್‌ನ ಡೀಸೆಲ್ ತನಕ ಎಲ್ಲಕ್ಕೂ ಬಿಲ್ ಇದೆ. ಒಂದರ ಸಬ್ಸಿಡಿ ಕಣ್ಣಿಗೆ ರಾಚುತ್ತದೆ, ಇನ್ನೊಂದರದ್ದು ಗಾಳಿಯಲ್ಲಿ ಬೆರೆತುಹೋಗಿದೆ.

ಹಾಗಂತ ತಪ್ಪೆಲ್ಲ ಲಾರಿಯದ್ದೇ ಅಂದರೆ ಅದೂ ಸುಳ್ಳು. ಷಿಕಾಗೋದಿಂದ ಬ್ರೂಕ್ಲಿನ್‌ಗೆ ಹೊರಟ ಒಂದು ವ್ಯಾಗನ್ ಲೆಕ್ಕ ಹಾಕಿ. ಮೊದಲು ಸಿಎಸ್‌ಎಕ್ಸ್ ಅಥವಾ ನಾರ್ಫೋಕ್ ಸದರ್ನ್ ಎಂಬ ದೊಡ್ಡ ರೈಲ್ವೆ. ಜರ್ಸಿಯಲ್ಲಿ ಅವರಿಬ್ಬರ ಜಂಟಿ ಕಂಪನಿ. ಆಮೇಲೆ ನಮ್ಮ ಬಾರ್ಜ್ ರೈಲ್ವೆ. ಬ್ರೂಕ್ಲಿನ್‌ನಲ್ಲಿ ನ್ಯೂಯಾರ್ಕ್ ಅಂಡ್ ಅಟ್ಲಾಂಟಿಕ್, 1997ರಿಂದ ಲಾಂಗ್ ಐಲೆಂಡ್‌ನ ಗೂಡ್ಸ್ ಎಳೆಯುವ ಖಾಸಗಿ ಕಂಪನಿ. ನಾಲ್ಕು ಕೈ. ಪ್ರತಿ ಕೈಯಲ್ಲೂ ಒಂದು ಕಾಯುವಿಕೆ, ಒಂದು ಪಾಲು. ಲಾರಿ ಆದರೆ ಒಬ್ಬ ಡ್ರೈವರ್, ಒಂದು ಫೋನ್ ನಂಬರ್. ಅಂಗಡಿಯವನು ಯಾವುದನ್ನು ಆರಿಸುತ್ತಾನೆ ಅಂತ ಬೇರೆ ಹೇಳಬೇಕಾ?

ಹಾಗಾಗಿ ಬಾರ್ಜ್‌ಗೆ ಸಿಗುವುದು ಅವಸರ ಇಲ್ಲದ, ಭಾರದ ಸರಕು. ಕಟ್ಟಡದ ಸಾಮಾನು, ಮರ, ಗುಜರಿ ಇಂಥವು. ನ್ಯೂಯಾರ್ಕ್ ಸಬ್‌ವೇಯ ಹೊಸ ಬೋಗಿಗಳು ಬಾರ್ಜ್ ಮೇಲೆ ಬಂದದ್ದುಂಟು. ನೆಲದಡಿ ಓಡುವ ರೈಲು ಊರಿಗೆ ಬರುವುದು ನೀರಿನ ಮೇಲೆ!

ಸುರಂಗದ ಕನಸು, ಪಕ್ಕದ ಹಳಿ

ಸುರಂಗದ ಮಾತು ಪೂರ್ತಿ ಸತ್ತಿಲ್ಲ. ನ್ಯೂಯಾರ್ಕ್‌ನ ಸಂಸದ ಜೆರಲ್ಡ್ ನ್ಯಾಡ್ಲರ್ ಇದನ್ನು ದಶಕಗಟ್ಟಲೆ ಹಿಡಿದುಕೊಂಡು ಬಂದವರು. 2005ರ ಕೇಂದ್ರ ಸಾರಿಗೆ ಕಾಯ್ದೆಯಲ್ಲಿ ಇದಕ್ಕೆ 10 ಕೋಟಿ ಡಾಲರ್ ಹಾಕಿಸಿದರು. ಅದೇ ವರ್ಷ ಮೇಯರ್ ಬ್ಲೂಮ್‌ಬರ್ಗ್ ಸುರಂಗ ಬೇಡ ಅಂದರು. ಕಾರಣ ಕ್ವೀನ್ಸ್‌ನ ಮ್ಯಾಸ್ಪೆತ್ ಬಡಾವಣೆ. ಸುರಂಗ ದಾಟಿದ ಸರಕು ಮ್ಯಾಸ್ಪೆತ್‌ನಲ್ಲಿ ಇಳಿದು ಅಲ್ಲಿಂದ ಲಾರಿಗೇ ಹತ್ತಬೇಕು. ಊರಿನ ಲಾರಿ ಕಮ್ಮಿ ಆಗುತ್ತದೆ, ನಮ್ಮ ಬೀದಿಯದ್ದು ಜಾಸ್ತಿ ಆಗುತ್ತದೆ ಅಂತ ಅಲ್ಲಿನವರು ಎದ್ದು ನಿಂತರು. ಅವರ ಮಾತಲ್ಲಿ ತಪ್ಪಿರಲಿಲ್ಲ.

2015ರಲ್ಲಿ ಪೋರ್ಟ್ ಅಥಾರಿಟಿಯ ಮೊದಲ ಹಂತದ ಪರಿಸರ ವರದಿ ಮುಗಿಯಿತು. ಸುರಂಗವೂ ಇರಲಿ, ಬಾರ್ಜ್ ಹೆಚ್ಚಿಸುವುದೂ ಇರಲಿ, ಎರಡನ್ನೂ ಮುಂದೆ ನೋಡೋಣ ಅನ್ನುವುದು ಅದರ ಸಾರ. 2022ರ ಜನವರಿಯಲ್ಲಿ ಗವರ್ನರ್ ಕ್ಯಾಥಿ ಹೋಕಲ್ ಎರಡನೇ ಹಂತವನ್ನೂ ಮುಗಿಸಿ ಅಂದರು. ಅದೇ ಸಮಯಕ್ಕೆ ಇನ್ನೊಂದು ಘೋಷಣೆಯನ್ನೂ ಮಾಡಿದರು. ಇಂಟರ್‌ಬರೋ ಎಕ್ಸ್‌ಪ್ರೆಸ್. ಬ್ರೂಕ್ಲಿನ್‌ನಿಂದ ಕ್ವೀನ್ಸ್‌ಗೆ 22 ಕಿಲೋಮೀಟರ್, 19 ಸ್ಟೇಷನ್, ಲಘು ರೈಲು, ಅಂದಾಜು ವೆಚ್ಚ 550 ಕೋಟಿ ಡಾಲರ್. ಮ್ಯಾನ್‌ಹಟನ್‌ಗೆ ಹೋಗದೆ ಎರಡು ಬಡಾವಣೆಗಳ ನಡುವೆ ಓಡಾಡಲು ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದು ಇದು. ಒಳ್ಳೆಯ ಯೋಜನೆ, ಅನುಮಾನ ಇಲ್ಲ.

ಆದರೆ ಅದು ಹೋಗುವುದು ಬೇ ರಿಜ್ ಬ್ರಾಂಚ್ ಮೇಲೆ. ನಮ್ಮ ಬಾರ್ಜ್‌ನಿಂದ ಇಳಿದ ವ್ಯಾಗನ್‌ಗಳು ಬ್ರೂಕ್ಲಿನ್ ಒಳಗೆ ಹೋಗುವ ಹಳಿಯೂ ಅದೇ. ಗೂಡ್ಸ್‌ಗೆ ಅದರ ಹಳಿ ಇದ್ದೇ ಇರುತ್ತದೆ, ಪ್ಯಾಸೆಂಜರ್‌ಗೆ ಪಕ್ಕದಲ್ಲಿ ಬೇರೆ ಹಳಿ ಅಂತ ಸಾರಿಗೆ ಸಂಸ್ಥೆ ಹೇಳುತ್ತಿದೆ. ನಂಬೋಣ. ಆದರೆ ಜಾಗ ಒಂದೇ ಅಗಲ. ದಿನಕ್ಕೆ ಒಂದೆರಡು ಗಾಡಿ ಓಡುವ ಹಳಿಗೂ ಲಕ್ಷ ಜನ ಕಾಯುತ್ತಿರುವ ಹಳಿಗೂ ಇಕ್ಕಟ್ಟಾದಾಗ ಯಾರು ಸರಿಯಬೇಕಾಗುತ್ತದೆ ಅಂತ ಊಹಿಸುವುದು ಕಷ್ಟ ಅಲ್ಲ. ಇವತ್ತು ಗೂಡ್ಸ್‌ಗೆ ಒಂದೇ ಹಳಿ ಸಾಕು ಅಂತ ಗೋಡೆ ಕಟ್ಟಿದರೆ, ನಾಳೆ ಸರಕು ಹೆಚ್ಚಾದರೂ ಎರಡನೇ ಹಳಿಗೆ ಜಾಗ ಇರುವುದಿಲ್ಲ. ಗೂಡ್ಸ್ ಕಮ್ಮಿ ಇದೆ ಅಂತ ಜಾಗ ಕೊಡಲಿಲ್ಲ, ಜಾಗ ಇಲ್ಲ ಅಂತ ಗೂಡ್ಸ್ ಹೆಚ್ಚಲಿಲ್ಲ. ಬಾವಿ ತೋಡದೆ ನೀರಿಲ್ಲ ಅಂದ ಹಾಗೆ.

ನನ್ನ ಮಟ್ಟಿಗೆ ಹೇಳುವುದಾದರೆ, ಸುರಂಗದ ಹೆಸರಿನಲ್ಲಿ ಕಾಯುವುದೇ ಈ ಪುಟ್ಟ ರೈಲ್ವೆಗೆ ದೊಡ್ಡ ಶತ್ರು. ಹೇಗೂ ಸುರಂಗ ಬರುತ್ತದಲ್ಲ, ಬಾರ್ಜ್‌ಗೆ ಯಾಕೆ ದುಡ್ಡು ಅನ್ನುವವರು ಒಂದು ಕಡೆ. ಸುರಂಗ ಬರುವುದೇ ಇಲ್ಲ, ಮತ್ತೆ ಬಾರ್ಜ್ ಯಾಕೆ ಅನ್ನುವವರು ಇನ್ನೊಂದು ಕಡೆ. ನ್ಯಾಡ್ಲರ್ 2026ರಲ್ಲಿ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಅಂತ ಹೇಳಿದ್ದಾರೆ. ಸುರಂಗಕ್ಕೆ ಇನ್ನು ಅಷ್ಟು ಪಟ್ಟು ಹಿಡಿಯುವವರು ಯಾರಿದ್ದಾರೋ. ಬಾರ್ಜ್‌ಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ. ದಿನಕ್ಕೆ ಇನ್ನೂ ಒಂದೆರಡು ಟ್ರಿಪ್, ಬ್ರೂಕ್ಲಿನ್ ಕ್ವೀನ್ಸ್‌ನಲ್ಲಿ ಸರಕು ಇಳಿಸಲು ಇನ್ನಷ್ಟು ಸಣ್ಣ ಗೂಡ್ಸ್ ಶೆಡ್, ನಾಲ್ಕು ಕಂಪನಿಗೂ ಸೇರಿ ಗಿರಾಕಿಗೆ ಒಂದೇ ಬಿಲ್. ಒಂದೇ ಕಡೆ ಮ್ಯಾಸ್ಪೆತ್‌ನಂಥ ರಾಕ್ಷಸ ಯಾರ್ಡ್ ಬೇಡ, ಹತ್ತು ಕಡೆ ಚಿಕ್ಕದು ಸಾಕು. ಇದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಆಗುವುದಿಲ್ಲ. ಬಹುಶಃ ಅದಕ್ಕೇ ಯಾರೂ ಮುಂದೆ ಬರುವುದಿಲ್ಲ.

65ನೇ ಸ್ಟ್ರೀಟ್ ಯಾರ್ಡ್‌ನಿಂದ ಸ್ವಲ್ಪ ದಕ್ಷಿಣಕ್ಕೆ ನಡೆದರೆ ಔಲ್ಸ್ ಹೆಡ್ ಪಾರ್ಕ್ ಸಿಗುತ್ತದೆ. 1923ರಲ್ಲಿ ಮೇಯರ್ ಹೈಲನ್ ಪೋರ್ಟ್ ಅಥಾರಿಟಿಗೆ ಸಡ್ಡು ಹೊಡೆದು ತನ್ನದೇ ಒಂದು ಸುರಂಗ ಇಲ್ಲಿಂದ ಸ್ಟೇಟನ್ ಐಲೆಂಡ್‌ಗೆ ಕೊರೆಯಲು ಶುರು ಮಾಡಿದ್ದರು. ಅದರಲ್ಲಿ ಗೂಡ್ಸ್ ಓಡಿಸುವ ಆಸೆಯೂ ಇತ್ತು. ಜಗಳ ಬಿದ್ದು 1925ರಲ್ಲಿ ಕೆಲಸ ನಿಂತಿತು. ಅಷ್ಟರಲ್ಲಿ ಅಗೆದದ್ದು 150 ಅಡಿ. ಆ ಗುಂಡಿ ಪಾರ್ಕ್‌ನ ಅಡಿಯಲ್ಲಿ ಈಗಲೂ ಇದೆ. ಮೇಲೆ ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಾರೆ, ಜನ ನಾಯಿ ಕರೆದುಕೊಂಡು ಬರುತ್ತಾರೆ. ದಿಬ್ಬದ ಮೇಲೆ ನಿಂತರೆ ಇಡೀ ಬಂದರು ಕಾಣುತ್ತದೆ. ಟಗ್ ಒಂದು ಪಕ್ಕಕ್ಕೆ ಕಟ್ಟಿಕೊಂಡ ಬಾರ್ಜ್ ಆ ಹೊತ್ತಿಗೆ ದಾಟುತ್ತಿದ್ದರೆ, ಅದರ ಮೇಲಿನ ವ್ಯಾಗನ್‌ಗಳನ್ನು ಎಣಿಸಬಹುದು.